ಡಿಬಗರ್‌ನೊಳಗೆ ಸ್ಕ್ರಿಪ್ಟ್ ಫೈಲುಗಳ ಚಾಲನೆ

ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸಿ, ಅದರ ಮೆಮೊರಿಯಲ್ಲೇನಿದೆ, ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಎಂದು ನೋಡಲು ನೆರವಾಗುವ ತಂತ್ರಾಂಶ ಡಿಬಗರ್. ಅದಕ್ಕೆ ಹೇಳಬೇಕಾದುದನ್ನು ಒಂದೊಂದಾಗಿ ಟೈಪ್ ಮಾಡುವ ಬದಲು ಒಂದು ಫೈಲಿನಲ್ಲಿ ಬರೆದಿಟ್ಟು, ಡಿಬಗರ್‌ನ ಒಳಗಿನಿಂದಲೇ ಆ ಫೈಲನ್ನು ಓಡಿಸಬಹುದು. ಫೈಲಿನಲ್ಲಿ ಡಿಬಗರ್‌ನವೇ ಆದ ಆಜ್ಞೆಗಳಿರಬಹುದು. ಇಲ್ಲವೇ ಪೈಥಾನ್, ಜಾವಾಸ್ಕ್ರಿಪ್ಟ್, ಲುವಾ, ಗೈಲ್‌ಗಳಂಥ ಪೂರ್ಣ ಪ್ರಮಾಣದ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಬರೆದ ಕೋಡ್ ಇರಬಹುದು. ಎರಡನೆಯ ಬಗೆಯಲ್ಲಿ ಆ ಭಾಷೆಯ ಇಂಟರ್‌ಪ್ರಿಟರ್ ಡಿಬಗರ್‌ನೊಳಗೇ ಸೇರಿಕೊಂಡಿರುತ್ತದೆ. ಪರೀಕ್ಷೆಗೆ ಒಳಗಾದ ಪ್ರೋಗ್ರಾಂ ಸಿ ಅಥವಾ ಸಿ++ ಭಾಷೆಯದ್ದಾದರೂ ಅದನ್ನು ವಿಚಾರಿಸುವ ಕೋಡ್ ಪೈಥಾನಿನದ್ದಾಗಿರಲು ಅಡ್ಡಿಯಿಲ್ಲ.

ಟೈಪ್ ಮಾಡುವ ಶ್ರಮ ಉಳಿಯುವುದು ಇದರ ಸಣ್ಣ ಲಾಭ. ದೊಡ್ಡ ಪ್ರೋಗ್ರಾಮೊಂದರ ಒಳರಚನೆಯನ್ನು ಬಲ್ಲವರು ಆ ತಿಳಿವಳಿಕೆಯನ್ನು ಇತರರು ಓಡಿಸಿ ನೋಡಬಹುದಾದ ರೂಪದಲ್ಲಿ ಬಿಟ್ಟುಹೋಗಲು ಸಾಧ್ಯವಾಗುವುದು ನಿಜವಾದ ಲಾಭ. ಯಾವ ಪಟ್ಟಿ ಎಲ್ಲಿಂದ ಆರಂಭವಾಗುತ್ತದೆ, ಯಾವ ಬಿಟ್ ಏನನ್ನು ಹೇಳುತ್ತದೆ, ಯಾವ ಎರಡು ಎಣಿಕೆಗಳು ಸದಾ ತಾಳೆಯಾಗಬೇಕು ಎಂಬುದು ದಾಖಲೆಗಳಲ್ಲಿದ್ದರೆ ಹಳತಾಗುತ್ತದೆ. ಡಿಬಗರ್ ಸ್ಕ್ರಿಪ್ಟಿನಲ್ಲಿದ್ದರೆ, ರಚನೆ ಬದಲಾದ ದಿನ ಸ್ಕ್ರಿಪ್ಟು ತಪ್ಪು ತೋರಿಸಿ ನಿಲ್ಲುತ್ತದೆ. ಯಾರಾದರೂ ಅದನ್ನು ತಿದ್ದಲೇಬೇಕಾಗುತ್ತದೆ.

ಬೆಳೆದುಬಂದ ಬಗೆ

ಆಜ್ಞೆಗಳನ್ನು ಫೈಲಿನಿಂದ ಓದುವ ಸೌಲಭ್ಯ ಹಳೆಯದು. 1979ರ ಏಳನೆಯ ಆವೃತ್ತಿಯ ಯುನಿಕ್ಸ್ ಜೊತೆ ಬಂದ ‘ಎಡಿಬಿ’ ಎಂಬ ಡಿಬಗರ್‌ಗೆ ಡಾಲರ್ ಚಿಹ್ನೆಯನ್ನೂ ‘ಕಡಿಮೆ’ ಚಿಹ್ನೆಯನ್ನೂ ಕೊಟ್ಟು ಫೈಲಿನ ಹೆಸರು ಹೇಳಿದರೆ ಅದರೊಳಗಿನ ಆಜ್ಞೆಗಳನ್ನು ಒಂದರ ಹಿಂದೊಂದು ನಡೆಸುತ್ತಿತ್ತು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನು ಯೋಜನೆಗಾಗಿ ಜಿಡಿಬಿ ಬರೆದರು. ಅದರ ಆಜ್ಞಾಭಾಷೆಯಲ್ಲಿ ‘ಡಿಫೈನ್’ ಎಂದು ಹೊಸ ಆಜ್ಞೆ ಕಟ್ಟುವ, ‘ಇಫ್’, ‘ವೈಲ್’ ಬಳಸಿ ಕವಲೊಡೆಯುವ, ಸುತ್ತುವ ಅನುಕೂಲಗಳು ಸೇರಿದವು. ಆದರೂ ಅದು ಭಾಷೆಯಾಗಿ ಬಡವೇ. ಹಾಗೆ ಕಟ್ಟಿದ ಆಜ್ಞೆಯೊಳಗೆ ಅದಕ್ಕಷ್ಟೇ ಸೀಮಿತವಾದ ವೇರಿಯಬಲ್‌ಗಳಿಲ್ಲ, ಎಲ್ಲವೂ ಸಾರ್ವತ್ರಿಕ. ಆಜ್ಞೆ ಯಾವ ಮೌಲ್ಯವನ್ನೂ ಹಿಂದಿರುಗಿಸುವುದಿಲ್ಲ. ಪಟ್ಟಿ, ನಿಘಂಟುಗಳಂಥ ದತ್ತರಚನೆಗಳಿಲ್ಲ, ಪಠ್ಯವನ್ನು ಕತ್ತರಿಸಿ ಜೋಡಿಸುವ ಸಾಧನಗಳೂ ಇಲ್ಲವೆನ್ನುವಷ್ಟು ಕಡಿಮೆ.

ಈ ಬಡತನವನ್ನು ಸಂಶೋಧಕರು ಬೇಗನೆ ಗುರುತಿಸಿದ್ದರು. ಪ್ರಿನ್ಸ್‌ಟನ್‌ನ ಮೈಕಲ್ ಗೋಲನ್ ಮತ್ತು ಡೇವಿಡ್ ಹ್ಯಾನ್ಸನ್ 1993ರಲ್ಲಿ ಪ್ರಕಟಿಸಿದ ‘ಡ್ಯುಯಲ್’ ಭಾಷೆ, ಸರಣಿಯೊಂದರ ಋಣ ಸಂಖ್ಯೆಗಳನ್ನೆಲ್ಲ ಹುಡುಕುವಂಥ ಪ್ರಶ್ನೆಯನ್ನು ಜಿಡಿಬಿಯಲ್ಲಿ ಒಂದೇ ಸಾಲಿನಲ್ಲಿ ಕೇಳಲು ಬಿಟ್ಟಿತು. ಮರುವರ್ಷ ಬೆಲ್ ಲ್ಯಾಬ್ಸ್‌ನ ಫಿಲ್ ವಿಂಟರ್‌ಬಾಟಮ್ ‘ಆಸಿಡ್’ ಅನ್ನು ಪ್ರಕಟಿಸಿದರು. ಪ್ಲಾನ್ 9 ಕಾರ್ಯಾಚರಣಾ ವ್ಯವಸ್ಥೆಯ ಈ ಡಿಬಗರ್‌ನಲ್ಲಿ ಭಾಷೆಯೇ ಮೊದಲು. ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗದ ಗುರುತು) ಇಡುವುದು, ಸ್ಟ್ಯಾಕ್ (ಒಂದನ್ನೊಂದು ಕರೆದ ಫಂಕ್ಷನ್‌ಗಳ ಸಾಲು) ತೋರಿಸುವುದು ಮುಂತಾದ ಮಾಮೂಲಿ ಕೆಲಸಗಳೂ ಆ ಭಾಷೆಯಲ್ಲೇ ಬರೆದ ಲೈಬ್ರರಿ ಫೈಲುಗಳಲ್ಲಿ ಕುಳಿತಿದ್ದವು. ಮೆಮೊರಿ ಸೋರಿಕೆ ಪತ್ತೆ ಹಚ್ಚಲು ಬೇರೆ ಉಪಕರಣ ಬೇಕಿರಲಿಲ್ಲ. ‘ಲೀಕ್’ ಎಂಬ ಲೈಬ್ರರಿಯನ್ನು ಲೋಡ್ ಮಾಡಿದರಾಯಿತು. ಇಂದಿನ ಸ್ಕ್ರಿಪ್ಟಿಂಗ್ ಡಿಬಗರ್‌ಗಳ ಹಿಂದಿರುವ ವಿಚಾರವನ್ನು ಅತ್ಯಂತ ಶುದ್ಧವಾಗಿ ಹಿಡಿದ ಕೃತಿ ಎಂದರೆ ಆಸಿಡ್ ಎನ್ನಬೇಕು. ಪ್ಲಾನ್ 9 ಹೆಚ್ಚು ಜನರನ್ನು ತಲುಪದ ಕಾರಣ ಅದಕ್ಕೆ ಸಿಗಬೇಕಾದ ಹೆಸರು ಸಿಗಲಿಲ್ಲ.

ಬದಲಾವಣೆಯ ಒತ್ತಡ ಕೊನೆಗೆ ಬಂದದ್ದು ಸಿ++ ಕಡೆಯಿಂದ. ‘ವೆಕ್ಟರ್’ ಮಾದರಿಯ ಒಂದು ವೇರಿಯಬಲ್ಲನ್ನು ಹಳೆಯ ಜಿಡಿಬಿಯಲ್ಲಿ ಮುದ್ರಿಸಿದರೆ ಅದರಲ್ಲಿರುವ ಅಂಶಗಳು ಕಾಣುತ್ತಿರಲಿಲ್ಲ. ಆರಂಭ, ಅಂತ್ಯ ಮತ್ತು ಕಾದಿರಿಸಿದ ಜಾಗದ ಕೊನೆ ಎಂಬ ಮೂರು ಪಾಯಿಂಟರ್‌ಗಳು ಮಾತ್ರ ಕಾಣುತ್ತಿದ್ದವು. ‘ಮ್ಯಾಪ್’ ಆದರೆ ಕೆಂಪು-ಕಪ್ಪು ವೃಕ್ಷದ ಬೇರಿನ ವಿಳಾಸ ಸಿಗುತ್ತಿತ್ತು, ಅಷ್ಟೆ. ಒಂದೊಂದು ಲೈಬ್ರರಿಯ ಒಳರಚನೆಯನ್ನೂ ಜಿಡಿಬಿಯ ಸಿ ಕೋಡಿಗೇ ಕಲಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. 2008ರ ಸುಮಾರಿಗೆ ಟಾಮ್ ಟ್ರೋಮಿ, ಥಿಯಾಗೊ ಬಾವರ್‌ಮನ್ ಮೊದಲಾದವರು ‘ಆರ್ಚರ್’ ಎಂಬ ಶಾಖೆಯಲ್ಲಿ ಜಿಡಿಬಿಗೆ ಪೈಥಾನ್ ಕೂಡಿಸತೊಡಗಿದರು. 2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಜಿಡಿಬಿ 7.0 ಅದನ್ನು ಎಲ್ಲರ ಕೈಗೆ ತಲುಪಿಸಿತು. ಮರುವರ್ಷದ ಜಿಸಿಸಿ ಕಂಪೈಲರ್ 4.5 ಜೊತೆ ಸಿ++ ಲೈಬ್ರರಿಯನ್ನು ಬರೆದವರೇ ಅದರ ದತ್ತರಚನೆಗಳನ್ನು ಓದುವಂತೆ ತೋರಿಸುವ ಪೈಥಾನ್ ಸ್ಕ್ರಿಪ್ಟುಗಳನ್ನು ಕೊಟ್ಟರು. ಇವಕ್ಕೆ ‘ಪ್ರೆಟಿ ಪ್ರಿಂಟರ್’ ಎಂದು ಹೆಸರು. ರಚನೆಯನ್ನು ಕಟ್ಟಿದವರೇ ಅದನ್ನು ನೋಡುವ ಕನ್ನಡಕವನ್ನೂ ಕೊಡಬೇಕೆಂಬ ರೂಢಿ ಅಲ್ಲಿಂದ ಬೇರೂರಿತು. 2014ರ 7.8ನೇ ಆವೃತ್ತಿಯಲ್ಲಿ ಗ್ನು ಯೋಜನೆಯ ಸ್ವಂತ ಭಾಷೆಯಾದ ಗೈಲ್ ಕೂಡ ಸೇರಿತು. ಆದರೆ ಬಳಕೆಯಲ್ಲಿ ಪೈಥಾನಿಗೆ ಅದು ಸಮನಾಗಲಿಲ್ಲ.

ಜಿಡಿಬಿಯಲ್ಲಿ ಫೈಲ್ ಓಡುವ ಬಗೆ

ಮುಖ್ಯ ಆಜ್ಞೆ ‘ಸೋರ್ಸ್’. ಅದರ ಮುಂದೆ ಫೈಲಿನ ಹೆಸರು ಕೊಟ್ಟರೆ ಜಿಡಿಬಿ ಹೆಸರಿನ ಕೊನೆಯನ್ನು ನೋಡುತ್ತದೆ: ‘.ಪಿವೈ’ ಎಂದಿದ್ದರೆ ಪೈಥಾನ್ ಎಂದೂ, ಯಾವ ಭಾಷೆಯ ಗುರುತೂ ಇಲ್ಲದಿದ್ದರೆ ತನ್ನದೇ ಆಜ್ಞೆಗಳೆಂದೂ ತಿಳಿದು ನಡೆಸುತ್ತದೆ. ಜಿಡಿಬಿಯನ್ನು ಆರಂಭಿಸುವಾಗಲೇ ‘-ಎಕ್ಸ್’ ಆಯ್ಕೆಯೊಡನೆ ಫೈಲನ್ನು ಹೆಸರಿಸಬಹುದು. ಜೊತೆಗೆ ‘-ಬ್ಯಾಚ್’ ಸೇರಿಸಿದರೆ ಸ್ಕ್ರಿಪ್ಟು ಮುಗಿದೊಡನೆ ಡಿಬಗರ್ ತಾನೇ ಮುಚ್ಚಿಕೊಳ್ಳುತ್ತದೆ. ರಾತ್ರಿಯಿಡೀ ಓಡುವ ಪರೀಕ್ಷೆಗಳಲ್ಲಿ ಕುಸಿದ ಪ್ರೋಗ್ರಾಮಿನ ಮೆಮೊರಿ ಚಿತ್ರವಾದ ‘ಕೋರ್’ ಫೈಲನ್ನು ತೆರೆದು, ಎಲ್ಲ ಥ್ರೆಡ್‌ಗಳ ಸ್ಟ್ಯಾಕನ್ನು ಬರೆದಿಡುವ ಕೆಲಸ ಹೀಗೆಯೇ ನಡೆಯುತ್ತದೆ. ಉಬುಂಟುವಿನ ‘ಅಪೋರ್ಟ್’, ಫೆಡೋರಾದ ‘ಎಬಿಆರ್‌ಟಿ’ ಎಂಬ ಕುಸಿತ ವರದಿ ವ್ಯವಸ್ಥೆಗಳೂ ಮನುಷ್ಯರಿಲ್ಲದೆ ಜಿಡಿಬಿಯನ್ನು ನಡೆಸಿಯೇ ತಮ್ಮ ವರದಿ ತಯಾರಿಸುತ್ತವೆ.

‘ಸೋರ್ಸ್’ ಮೂಲಕ ಬಂದ ಪೈಥಾನ್ ಫೈಲು ಬೇರೆ ಮಾಡ್ಯೂಲ್ ಆಗುವುದಿಲ್ಲ. ಡಿಬಗರ್‌ನ ಮುಖ್ಯ ಹೆಸರಾವರಣದಲ್ಲೇ ಓಡುತ್ತದೆ. ಹಾಗಾಗಿ ಅದರ ವೇರಿಯಬಲ್‌ಗಳು, ಫಂಕ್ಷನ್‌ಗಳು ಫೈಲು ಮುಗಿದ ಮೇಲೂ ಉಳಿಯುತ್ತವೆ; ಪ್ರಯೋಗ ಮಾಡುತ್ತ ಕಲಿಯುವವರಿಗೆ ಇದು ವರ. ಆದರೆ ಎರಡು ಸ್ಕ್ರಿಪ್ಟುಗಳು ಒಂದೇ ಹೆಸರು ಬಳಸಿದರೆ ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ‘ಸೋರ್ಸ್’ ಆಜ್ಞೆಗೆ ಸ್ಕ್ರಿಪ್ಟಿಗೆ ಬೇಕಾದ ಆರ್ಗ್ಯುಮೆಂಟ್‌ಗಳನ್ನು ದಾಟಿಸುವ ದಾರಿ ಇಲ್ಲದಿರುವುದು ಇನ್ನೊಂದು ಕೊರತೆ. ಬಳಕೆದಾರರು ಮೊದಲು ಡಾಲರ್ ಚಿಹ್ನೆಯ ತಾತ್ಕಾಲಿಕ ವೇರಿಯಬಲ್ ಒಂದರಲ್ಲಿ ಮೌಲ್ಯವಿಟ್ಟು, ಸ್ಕ್ರಿಪ್ಟಿನಲ್ಲಿ ಅದನ್ನು ಓದಿಕೊಳ್ಳುತ್ತಾರೆ. ಸ್ಕ್ರಿಪ್ಟು ಪದೇ ಪದೇ ಬೇಕಾಗುವಂಥದ್ದಾದರೆ ಅದನ್ನು ನೇರ ಓಡಿಸುವುದಕ್ಕಿಂತ, ‘ಕಮಾಂಡ್’ ಕ್ಲಾಸನ್ನು ವಿಸ್ತರಿಸಿ ಹೊಸ ಆಜ್ಞೆಯೊಂದನ್ನು ನೋಂದಾಯಿಸುವ ಫೈಲಾಗಿ ಬರೆಯುವುದು ಎಷ್ಟೋ ಮೇಲು. ಆಗ ಆ ಆಜ್ಞೆ ಜಿಡಿಬಿಯ ಸ್ವಂತ ಆಜ್ಞೆಗಳ ಸಾಲಿನಲ್ಲೇ ನಿಲ್ಲುತ್ತದೆ, ಆರ್ಗ್ಯುಮೆಂಟ್‌ಗಳನ್ನು ಪಡೆಯುತ್ತದೆ, ‘ಹೆಲ್ಪ್’ ಎಂದರೆ ತನ್ನ ವಿವರಣೆಯನ್ನೂ ಕೊಡುತ್ತದೆ.

ಡಿಬಗರ್‌ಗೂ ಪೈಥಾನಿಗೂ ನಡುವಿನ ಸೇತುವೆ ‘ಜಿಡಿಬಿ’ ಎಂಬ ಹೆಸರಿನದೇ ಪೈಥಾನ್ ಮಾಡ್ಯೂಲು. ‘ಪಾರ್ಸ್_ಅಂಡ್_ಇವಾಲ್’ ಎಂಬ ಫಂಕ್ಷನ್‌ಗೆ ಪ್ರೋಗ್ರಾಮಿನ ಭಾಷೆಯಲ್ಲೇ ಒಂದು ಅಭಿವ್ಯಕ್ತಿ (ಎಕ್ಸ್‌ಪ್ರೆಷನ್) ಕೊಟ್ಟರೆ ಅದರ ಮೌಲ್ಯ ‘ವ್ಯಾಲ್ಯೂ’ ಮಾದರಿಯ ವಸ್ತುವಾಗಿ ಬರುತ್ತದೆ. ಸಂಪರ್ಕಿತ ಪಟ್ಟಿಯೊಂದರ ತಲೆಯನ್ನು ಹೀಗೆ ಪಡೆದು, ಚೌಕ ಆವರಣದಲ್ಲಿ ಮುಂದಿನ ಕೊಂಡಿಯ ಕ್ಷೇತ್ರದ ಹೆಸರು ಬರೆಯುತ್ತ ಹೋದರೆ ಇಡೀ ಪಟ್ಟಿಯನ್ನು ಪೈಥಾನ್ ಸುತ್ತುಬರುತ್ತದೆ. ಉಲ್ಲೇಖಗಳ ಎಣಿಕೆ ಸೊನ್ನೆಗಿಂತ ಕೆಳಗಿಳಿದ ನೋಡ್ ಯಾವುದು, ಒಂದೇ ಗುರುತಿನ ಸಂಖ್ಯೆ ಎರಡು ಕಡೆ ಇದೆಯೇ, ಇಂಥ ಪ್ರಶ್ನೆಗಳಿಗೆ ಹತ್ತು ಸಾಲಿನ ಫೈಲಿನಲ್ಲಿ ಉತ್ತರ ಸಿಗುತ್ತದೆ. ಕೈಯಲ್ಲಿ ಮಾಡಹೊರಟರೆ ಮಧ್ಯಾಹ್ನವೇ ಕಳೆದೀತು.

ಇಲ್ಲಿ ಎಚ್ಚರ ಬೇಕಾದ ಎರಡು ಜಾಗಗಳಿವೆ. ಮೊದಲನೆಯದು: ಡಿಬಗರ್‌ಗೆ ಬರುವ ಪ್ರೋಗ್ರಾಂ ಬಹುಪಾಲು ಕೆಟ್ಟ ಸ್ಥಿತಿಯಲ್ಲಿರುತ್ತದೆ. ಪಟ್ಟಿಯ ಕೊನೆ ಮತ್ತೆ ತಲೆಗೇ ಸುತ್ತಿಕೊಂಡಿರಬಹುದು. ಆಗ ಸ್ಕ್ರಿಪ್ಟು ಮುಗಿಯುವುದೇ ಇಲ್ಲ. ಫಂಕ್ಷನ್‌ನ ಮೊದಲ ಸಾಲಿನಲ್ಲೇ ನಿಂತಿದ್ದರೆ, ಇನ್ನೂ ರೂಪುಗೊಳ್ಳದ ವೆಕ್ಟರ್‌ನ ಪಾಯಿಂಟರ್‌ಗಳಲ್ಲಿ ಕಸವಿರುತ್ತದೆ; ಪ್ರೆಟಿ ಪ್ರಿಂಟರ್ ಅದನ್ನೇ ನಂಬಿ ಕೋಟಿಗಟ್ಟಲೆ ಅಂಶಗಳಿವೆಯೆಂದು ಭಾವಿಸುತ್ತದೆ. ಮುದ್ರಿಸುವ ಅಂಶಗಳಿಗೆ ಜಿಡಿಬಿ ಸಹಜವಾಗಿ ಹಾಕಿರುವ 200ರ ಮಿತಿ ಅಲ್ಲಿ ಕಾಪಾಡುತ್ತದೆ. ಸ್ವಂತ ಸ್ಕ್ರಿಪ್ಟಿನಲ್ಲಿ ಅಂಥ ಮಿತಿಯನ್ನು ಬರೆದವರೇ ಹಾಕಿಕೊಳ್ಳಬೇಕು. ಈಗಾಗಲೇ ಕಂಡ ವಿಳಾಸಗಳನ್ನು ಒಂದು ಗಣದಲ್ಲಿ ನೆನಪಿಟ್ಟುಕೊಳ್ಳಬೇಕು. ಓದಲಾಗದ ಮೆಮೊರಿ ಎದುರಾದಾಗ ಏಳುವ ದೋಷವನ್ನು ಹಿಡಿದು ಮುಂದುವರಿಯಬೇಕು.

ಎರಡನೆಯದು ಸೂಕ್ಷ್ಮ. ಜಿಡಿಬಿಯ ಮೌಲ್ಯಗಳು ‘ಸೋಮಾರಿ’ ಆಗಿರಬಹುದು: ವಸ್ತು ಕೈಗೆ ಬಂದರೂ ಮೆಮೊರಿಯಿಂದ ಅದರ ವಿಷಯವನ್ನು ಓದಿಕೊಳ್ಳುವುದು ನಿಜಕ್ಕೂ ಬೇಕಾದ ಗಳಿಗೆಯಲ್ಲಿ. ಒಂದು ಬ್ರೇಕ್‌ಪಾಯಿಂಟಿನಲ್ಲಿ ಮೌಲ್ಯವನ್ನು ಹಿಡಿದಿಟ್ಟು, ಪ್ರೋಗ್ರಾಮನ್ನು ಮುಂದೆ ಬಿಟ್ಟು, ಎರಡನೆಯ ನಿಲುಗಡೆಯಲ್ಲಿ ‘ಮೊದಲು ಎಷ್ಟಿತ್ತು’ ಎಂದು ಹೋಲಿಸಲು ಹೊರಟರೆ ಎರಡೂ ಕಡೆ ಈಗಿನ ಮೌಲ್ಯವೇ ಕಾಣಿಸೀತು. ‘ಫೆಚ್_ಲೇಜಿ’ ಎಂದು ಕರೆದು, ಇಲ್ಲವೇ ಆ ಕೂಡಲೇ ಪೈಥಾನಿನ ಪೂರ್ಣಾಂಕವಾಗಿ ಬದಲಿಸಿ, ಹಳೆಯ ಮೌಲ್ಯವನ್ನು ಗಟ್ಟಿ ಮಾಡಿಕೊಳ್ಳಬೇಕು.

ಬ್ರೇಕ್‌ಪಾಯಿಂಟುಗಳನ್ನೂ ಸ್ಕ್ರಿಪ್ಟಿನಲ್ಲಿ ಕ್ಲಾಸಾಗಿ ಬರೆಯಬಹುದು. ಆ ಕ್ಲಾಸಿನ ‘ಸ್ಟಾಪ್’ ಎಂಬ ಮೆಥಡ್ ಸುಳ್ಳು ಎಂದು ಹಿಂದಿರುಗಿಸಿದರೆ ಪ್ರೋಗ್ರಾಂ ನಿಂತದ್ದು ಬಳಕೆದಾರರಿಗೆ ಗೊತ್ತಾಗದಂತೆ ಮುಂದುವರಿಯುತ್ತದೆ. ಮೆಮೊರಿ ಹಂಚಿಕೆಯ ಪ್ರತಿ ಕರೆಯನ್ನೂ ದಾಖಲಿಸಿ, ಬಿಡುಗಡೆಯಾಗದೆ ಉಳಿದವನ್ನು ಕೊನೆಯಲ್ಲಿ ಪಟ್ಟಿ ಮಾಡುವ ಸ್ಕ್ರಿಪ್ಟುಗಳು ಈ ತಂತ್ರದ ಮೇಲೆ ನಿಂತಿವೆ. ಮೂಲ ಪ್ರೋಗ್ರಾಮಿಗೆ ಒಂದು ಸಾಲೂ ಸೇರಿಸಬೇಕಿಲ್ಲ. ಆದರೆ ‘ಸ್ಟಾಪ್’ ಒಳಗಿನಿಂದ ಪ್ರೋಗ್ರಾಮನ್ನು ಒಂದು ಹೆಜ್ಜೆ ಮುಂದೆ ನಡೆಸುವುದು, ಆಯ್ದ ಫ್ರೇಮನ್ನು (ಸ್ಟ್ಯಾಕಿನಲ್ಲಿ ಒಂದು ಕರೆಯ ಭಾಗವನ್ನು) ಬದಲಿಸುವುದು ಸಲ್ಲದು. ಪ್ರತಿ ಬಾರಿಯೂ ನಿಯಂತ್ರಣ ಪ್ರೋಗ್ರಾಮಿನಿಂದ ಡಿಬಗರ್‌ಗೆ ಬಂದು ಹಿಂದಿರುಗಬೇಕಾದ್ದರಿಂದ ಲಕ್ಷಗಟ್ಟಲೆ ಸಲ ಮುಟ್ಟುವ ಜಾಗದಲ್ಲಿ ವೇಗ ಕುಸಿಯುತ್ತದೆ. ಜಿಡಿಬಿ ಹಲವು ಥ್ರೆಡ್‌ಗಳಿಂದ ಒಮ್ಮೆಗೇ ಕರೆಯಲು ಸುರಕ್ಷಿತವಲ್ಲ. ಪೈಥಾನಿನಲ್ಲಿ ಬೇರೆ ಥ್ರೆಡ್ ಹುಟ್ಟಿಸಿದವರು ‘ಪೋಸ್ಟ್_ಇವೆಂಟ್’ ಮೂಲಕ ಕೆಲಸವನ್ನು ಮುಖ್ಯ ಥ್ರೆಡ್‌ಗೆ ಒಪ್ಪಿಸಬೇಕು.

ಕನ್ನಡ ಪಠ್ಯ ಬಳಸುವ ತಂತ್ರಾಂಶ ಬರೆಯುವವರಿಗೆ ಈ ಸೌಲಭ್ಯ ಇನ್ನೊಂದು ರೀತಿಯಲ್ಲಿ ಬೇಕಾಗುತ್ತದೆ. ಯುಟಿಎಫ್-8 ಸಂಕೇತದಲ್ಲಿ ‘ಕ’ ಎಂಬ ಒಂದಕ್ಷರಕ್ಕೆ 3 ಬೈಟ್‌ಗಳು. ಭಾಷಾ ಸಜ್ಜಿಕೆ ಇಲ್ಲದ ಸರ್ವರ್ ಅಥವಾ ಕಂಟೇನರ್ ಒಳಗೆ ಜಿಡಿಬಿ ಓಡಿಸಿದರೆ ಅದು ‘\340\262\225’ ಎಂದು ಅಷ್ಟಮಾನದ ಸಂಖ್ಯೆಗಳಾಗಿ ಕಾಣುತ್ತದೆ. ಒಂದು ಸಾಲಿನ ಕನ್ನಡ ವಾಕ್ಯ ಪರದೆ ತುಂಬುವ ಅಂಕಿಗಳಾಗಿ ಹರಡುತ್ತದೆ. ಒತ್ತಕ್ಷರದ ನಡುವೆ ಪಠ್ಯ ತುಂಡಾಗಿದೆಯೇ, ಬಫರ್‌ನ ಕೊನೆಯಲ್ಲಿ ಅಕ್ಷರದ ಅರ್ಧ ಬೈಟ್‌ಗಳು ಮಾತ್ರ ಉಳಿದಿವೆಯೇ ಎಂದು ಆ ಅಂಕಿಗಳಿಂದ ಹೇಳುವುದು ಕಷ್ಟ. ಸ್ಕ್ರಿಪ್ಟಿನಲ್ಲಿ ಮೌಲ್ಯದ ‘ಸ್ಟ್ರಿಂಗ್’ ಮೆಥಡ್‌ಗೆ ಸಂಕೇತದ ಹೆಸರು ಕೊಟ್ಟರೆ ನಿಜವಾದ ಯುನಿಕೋಡ್ ಪಠ್ಯ ಸಿಗುತ್ತದೆ. ಬೈಟ್‌ಗಳು ಸರಿಯಿಲ್ಲದಿದ್ದರೆ ಪೈಥಾನ್ ಆ ಜಾಗವನ್ನೇ ಬೊಟ್ಟುಮಾಡಿ ತಪ್ಪು ಎನ್ನುತ್ತದೆ. ವಿರಾಮವನ್ನು, ಅಂದರೆ ಹಲಂತ ಚಿಹ್ನೆಯನ್ನು ಎಲ್ಲಿ ಕಳೆದುಕೊಂಡೆವು ಎಂದು ಹುಡುಕಲು ಇದೇ ಸರಿಯಾದ ದಾರಿ.

ಎಲ್‌ಎಲ್‌ಡಿಬಿ ಮತ್ತು ವಿನ್‌ಡಿಬಿಜಿ

ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆಯ ಡಿಬಗರ್ ಎಲ್‌ಎಲ್‌ಡಿಬಿ 2010ರಲ್ಲಿ ಬೆಳಕಿಗೆ ಬಂತು. ಆಪಲ್ 2013ರ ಎಕ್ಸ್‌ಕೋಡ್ 5ರಲ್ಲಿ ಜಿಡಿಬಿಯನ್ನು ಬಿಟ್ಟು ಪೂರ್ತಿಯಾಗಿ ಇದಕ್ಕೆ ಹೊರಳಿತು. ಇದನ್ನು ಕಟ್ಟಿದವರು ಡಿಬಗರನ್ನು ಮೊದಲಿಂದಲೇ ಲೈಬ್ರರಿಯೆಂದು ಭಾವಿಸಿದ್ದರು. ಅದರ ಹೊರಮುಖವಾದ ಸಿ++ ಕ್ಲಾಸುಗಳಿಗೆ ಪೈಥಾನ್ ರೂಪವನ್ನು ‘ಸ್ವಿಗ್’ ಎಂಬ ಉಪಕರಣ ಹುಟ್ಟಿಸುತ್ತದೆ. ಪರಿಣಾಮವಾಗಿ, ಡಿಬಗರ್‌ನೊಳಗೆ ಪೈಥಾನ್ ಓಡಿಸಬಹುದು, ಸಾಮಾನ್ಯ ಪೈಥಾನ್ ಪ್ರೋಗ್ರಾಮಿನೊಳಗೆ ಡಿಬಗರನ್ನೇ ಆಮದು ಮಾಡಿಕೊಳ್ಳಲೂಬಹುದು. ಜಿಡಿಬಿಯ ಮಾಡ್ಯೂಲು ಜಿಡಿಬಿಯ ಹೊರಗೆ ಸಿಗುವುದಿಲ್ಲ.

ಎಲ್‌ಎಲ್‌ಡಿಬಿಯ ಆಜ್ಞೆಗಳ ಫೈಲಿಗೆ ‘ಕಮಾಂಡ್ ಸೋರ್ಸ್’, ಪೈಥಾನ್ ಫೈಲಿಗೆ ‘ಕಮಾಂಡ್ ಸ್ಕ್ರಿಪ್ಟ್ ಇಂಪೋರ್ಟ್’ ಎಂದು ಬೇರೆ ಬೇರೆ ದಾರಿ. ಎರಡನೆಯದು ಫೈಲನ್ನು ಸ್ವತಂತ್ರ ಮಾಡ್ಯೂಲಾಗಿ ತರುತ್ತದೆ, ಹೆಸರುಗಳ ಘರ್ಷಣೆ ತಪ್ಪುತ್ತದೆ. ಫೈಲಿನಲ್ಲಿ ‘__ಎಲ್‌ಎಲ್‌ಡಿಬಿ_ಇನಿಟ್_ಮಾಡ್ಯೂಲ್’ ಎಂಬ ಫಂಕ್ಷನ್ ಇದ್ದರೆ ಆಮದಾದೊಡನೆ ಅದು ಓಡುತ್ತದೆ. ಹೊಸ ಆಜ್ಞೆಗಳನ್ನು ನೋಂದಾಯಿಸುವುದು ಅಲ್ಲೇ. ಹೊಸಬರನ್ನು ಹೆಚ್ಚಾಗಿ ಕಾಡುವ ಸಂಗತಿ ಬೇರೊಂದಿದೆ. ಸಂವಾದದ ಪೈಥಾನ್ ಅವಧಿಯಲ್ಲಿ ‘ಈಗಿನ ಫ್ರೇಮ್’, ‘ಈಗಿನ ಪ್ರೋಸೆಸ್’ ಎಂಬ ಸಿದ್ಧ ವೇರಿಯಬಲ್‌ಗಳು ಸಿಗುತ್ತವೆ. ಅಲ್ಲಿ ಸರಿಯಾಗಿ ಓಡಿದ ಸಾಲುಗಳನ್ನು ಹಾಗೇ ಫೈಲಿಗೆ ಸೇರಿಸಿದರೆ ಅವು ಹಳೆಯ ಅಥವಾ ಖಾಲಿ ಮೌಲ್ಯಗಳನ್ನು ಕೊಡುತ್ತವೆ, ಏಕೆಂದರೆ ಆ ಅನುಕೂಲ ಸಂವಾದಕ್ಕೆ ಮಾತ್ರ ಮೀಸಲು. ಫೈಲಿನ ಫಂಕ್ಷನ್ ತನಗೆ ಬಂದ ಎಕ್ಸಿಕ್ಯೂಷನ್ ಕಾಂಟೆಕ್ಸ್ಟ್‌ನಿಂದಲೇ ಫ್ರೇಮನ್ನು ಕೇಳಿ ಪಡೆಯಬೇಕು.

ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿಯಲ್ಲಿ ಹಳೆಯ ಆಜ್ಞಾಫೈಲುಗಳನ್ನು ಓಡಿಸಲು ಡಾಲರ್ ಚಿಹ್ನೆಯಿಂದ ಶುರುವಾಗುವ ಹಲವು ಆಜ್ಞೆಗಳಿವೆ. ಅವುಗಳಲ್ಲೊಂದು ಜಿಡಿಬಿಗಿಲ್ಲದ ಗುಣ ಹೊಂದಿದೆ, ಫೈಲಿಗೆ ಆರ್ಗ್ಯುಮೆಂಟ್‌ಗಳನ್ನು ದಾಟಿಸುತ್ತದೆ. ಆದರೂ ಆ ಭಾಷೆಯ ವ್ಯಾಕರಣ ಓದಲು ತ್ರಾಸದಾಯಕ. 2017ರಲ್ಲಿ ಬಂದ ಹೊಸ ವಿನ್‌ಡಿಬಿಜಿಯ ಕಾಲದಲ್ಲಿ ಜಾವಾಸ್ಕ್ರಿಪ್ಟ್ ಮುಂದೆ ಬಂತು. ‘.ಸ್ಕ್ರಿಪ್ಟ್‌ಲೋಡ್’ ಫೈಲನ್ನು ತಂದು ಅದರ ‘ಇನಿಶಿಯಲೈಸ್‌ಸ್ಕ್ರಿಪ್ಟ್’ ಫಂಕ್ಷನ್ನನ್ನು ಕರೆಯುತ್ತದೆ, ‘.ಸ್ಕ್ರಿಪ್ಟ್‌ರನ್’ ಆದರೆ ‘ಇನ್‌ವೋಕ್‌ಸ್ಕ್ರಿಪ್ಟ್’ ಅನ್ನೂ ನಡೆಸುತ್ತದೆ. ‘.ಸ್ಕ್ರಿಪ್ಟ್‌ಡಿಬಗ್’ ಎಂಬುದೂ ಇದೆ: ಡಿಬಗರ್‌ನೊಳಗೆ ಓಡುವ ಸ್ಕ್ರಿಪ್ಟನ್ನೇ ಅದೇ ಡಿಬಗರ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಸಿ ನೋಡಬಹುದು. ಇತರರೂ ಕಲಿಯಬೇಕಾದ ಸೌಲಭ್ಯವಿದು.

ಈ ಆಯ್ಕೆಗೆ ತೆತ್ತ ಬೆಲೆಯೂ ಇದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 53 ಬಿಟ್‌ವರೆಗಿನ ಪೂರ್ಣಾಂಕವನ್ನು ಮಾತ್ರ ತಪ್ಪಿಲ್ಲದೆ ಹಿಡಿಯುತ್ತದೆ. ವಿಂಡೋಸ್ ಕರ್ನಲ್ಲಿನ ವಿಳಾಸಗಳು 64 ಬಿಟ್‌ಗಳವು. ವಿಳಾಸದ ಕೊನೆಯ ಅಂಕಿಗಳು ಕಳೆದುಹೋದರೆ ಡಿಬಗರ್ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ 64 ಬಿಟ್ ಸಂಖ್ಯೆಗಳಿಗೆ ಪ್ರತ್ಯೇಕ ಮಾದರಿಯನ್ನು ಕೊಡಲಾಗಿದೆ. ಕೂಡಲು, ಹೋಲಿಸಲು ಅದರ ಮೆಥಡ್‌ಗಳನ್ನೇ ಬಳಸಬೇಕು, ನಿಖರತೆ ನಷ್ಟವಾಗುವಂತಿದ್ದರೆ ಸ್ಕ್ರಿಪ್ಟು ದೋಷ ಎಸೆಯುತ್ತದೆ. ಪೈಥಾನಿನ ಪೂರ್ಣಾಂಕಕ್ಕೆ ಗಾತ್ರದ ಮಿತಿಯಿಲ್ಲ. ಡಿಬಗರ್ ಕೆಲಸಕ್ಕೆ ಅದು ಒಗ್ಗಿದ್ದರಲ್ಲಿ ಈ ಗುಣದ ಪಾಲೂ ಇದೆ.

ಸುರಕ್ಷತೆ

ಡಿಬಗರ್ ಸ್ಕ್ರಿಪ್ಟಿಗೆ ಕಟ್ಟುಪಾಡುಗಳಿಲ್ಲ. ಅದು ಫೈಲುಗಳನ್ನು ಅಳಿಸಬಲ್ಲದು, ನೆಟ್‌ವರ್ಕಿಗೆ ಹೋಗಬಲ್ಲದು. ಬಳಕೆದಾರರಿಗೆ ಇರುವ ಅಧಿಕಾರವೆಲ್ಲ ಅದಕ್ಕೂ ಉಂಟು. ಜಿಡಿಬಿ ಕೇಳದೆಯೇ ಓಡಿಸುವ ಫೈಲುಗಳಿಂದ ಅಪಾಯ ಹೆಚ್ಚು. ಈಗಿನ ಡೈರೆಕ್ಟರಿಯಲ್ಲಿರುವ ‘.ಜಿಡಿಬಿಇನಿಟ್’, ಪ್ರೋಗ್ರಾಮಿನ ಪಕ್ಕದಲ್ಲಿ ಅದರದೇ ಹೆಸರಿನ ಕೊನೆಗೆ ‘-ಜಿಡಿಬಿ.ಪಿವೈ’ ಸೇರಿಸಿಕೊಂಡ ಫೈಲು, ಪ್ರೋಗ್ರಾಮಿನ ಬೈನರಿಯೊಳಗಿನ ವಿಶೇಷ ವಿಭಾಗದಲ್ಲಿ ಹೆಸರಿಸಿದ ಸ್ಕ್ರಿಪ್ಟು, ಇವೆಲ್ಲ ತಾವಾಗಿಯೇ ಲೋಡ್ ಆಗಬಲ್ಲವು. ಅಪರಿಚಿತರು ಕಳಿಸಿದ ಪ್ರೋಗ್ರಾಮನ್ನು ಓಡಿಸದೆ, ಬರಿದೇ ಪರೀಕ್ಷೆಗೆಂದು ಡಿಬಗರ್‌ನಲ್ಲಿ ತೆರೆದರೂ ಅವರ ಕೋಡ್ ಓಡಿಬಿಡಬಹುದಿತ್ತು. 2012ರ ಜಿಡಿಬಿ 7.5 ‘ಆಟೋ-ಲೋಡ್ ಸೇಫ್-ಪಾತ್’ ಎಂಬ ಪಟ್ಟಿ ತಂದು, ಅದರಲ್ಲಿಲ್ಲದ ಡೈರೆಕ್ಟರಿಗಳ ಸ್ಕ್ರಿಪ್ಟನ್ನು ಓಡಿಸದೆ ಎಚ್ಚರಿಕೆ ಮಾತ್ರ ಕೊಡತೊಡಗಿತು. ಆ ಎಚ್ಚರಿಕೆಯ ಕಿರಿಕಿರಿ ತಪ್ಪಿಸಲು ಇಡೀ ಡಿಸ್ಕಿನ ಮೂಲ ಡೈರೆಕ್ಟರಿಯನ್ನೇ ಪಟ್ಟಿಗೆ ಸೇರಿಸುವ ಸಲಹೆ ಎಲ್ಲೆಡೆ ಹರಿದಾಡುತ್ತದೆ. ಅದನ್ನು ಪಾಲಿಸಿದರೆ ಕಾವಲೇ ಇಲ್ಲದಂತಾಗುತ್ತದೆ. ತಮ್ಮ ಯೋಜನೆಯ ಡೈರೆಕ್ಟರಿಯೊಂದನ್ನೇ ಸೇರಿಸಿದರೆ ಸಾಕು. ಎಲ್‌ಎಲ್‌ಡಿಬಿಯಲ್ಲೂ ಡಿಬಗ್ ಮಾಹಿತಿಯ ಜೊತೆ ಬರುವ ಸ್ಕ್ರಿಪ್ಟನ್ನು ಒಪ್ಪಬೇಕೆ, ಬೇಡವೆ, ಎಚ್ಚರಿಸಿ ಬಿಡಬೇಕೆ ಎಂದು ನಿಗದಿಪಡಿಸುವ ಸಜ್ಜಿಕೆ ಇದೆ.

ಬಳಕೆಯ ಕ್ಷೇತ್ರಗಳು

2015ರ ಲಿನಕ್ಸ್ 4.0 ಕರ್ನಲ್ ಜೊತೆಗೆ, ಯಾನ್ ಕಿಸ್ಕಾ ಸಿದ್ಧಪಡಿಸಿದ ಜಿಡಿಬಿ ಸ್ಕ್ರಿಪ್ಟುಗಳು ಕರ್ನಲ್ಲಿನ ಮೂಲಕೋಡಿನಲ್ಲೇ ಸೇರಿದವು. ‘ಎಲ್‌ಎಕ್ಸ್-ಪಿಎಸ್’ ಎಂದರೆ ಪ್ರೋಸೆಸ್‌ಗಳ ಪಟ್ಟಿ ಬರುತ್ತದೆ. ‘ಎಲ್‌ಎಕ್ಸ್-ಡಿಮೆಸೇಜ್’ ಕರ್ನಲ್ಲಿನ ಸಂದೇಶ ಬಫರನ್ನು ಮೆಮೊರಿಯಿಂದ ನೇರ ಓದಿ ತೋರಿಸುತ್ತದೆ, ಕರ್ನಲ್ ಮಿಸುಕದೆ ನಿಂತಿದ್ದರೂ. ಪೈಥಾನ್ ಇಂಟರ್‌ಪ್ರಿಟರ್‌ನ ಮೂಲದಲ್ಲೂ ಇಂಥ ಫೈಲಿದೆ. ಪೈಥಾನ್ ಪ್ರೋಗ್ರಾಮೊಂದು ಸಿ ಲೈಬ್ರರಿಯೊಳಗೆ ಸಿಕ್ಕಿಕೊಂಡಾಗ ಜಿಡಿಬಿಯಲ್ಲಿ ‘ಪಿವೈ-ಬಿಟಿ’ ಎಂದರೆ ಇಂಟರ್‌ಪ್ರಿಟರ್‌ನ ಸಿ ಫ್ರೇಮುಗಳ ಬದಲು ಬಳಕೆದಾರರು ಬರೆದ ಪೈಥಾನ್ ಫಂಕ್ಷನ್‌ಗಳ ಸಾಲು ಕಾಣುತ್ತದೆ. ಭದ್ರತಾ ಸಂಶೋಧಕರ ‘ಪೀಡಾ’, ‘ಜೆಫ್’, ‘ಪೌನ್‌ಡಿಬಿಜಿ’ಗಳೂ ಜಿಡಿಬಿಯೊಳಗೆ ಓಡುವ ಪೈಥಾನ್ ಫೈಲುಗಳೇ.

ಯಂತ್ರ ಬೇರೆಡೆ ಇದ್ದಾಗ ಬರವಣಿಗೆಯ ಕ್ರಮ ಬದಲಾಗಬೇಕು. ಕೇಬಲ್‌ನ ಆ ತುದಿಯ ಸರ್ಕ್ಯೂಟ್ ಬೋರ್ಡನ್ನೋ ದೂರದ ಸರ್ವರನ್ನೋ ಪರೀಕ್ಷಿಸುವಾಗ ಪ್ರತಿ ಓದಿಗೂ ಒಂದು ಸಂದೇಶ ಹೋಗಿ ಬರಬೇಕು. ಒಂದೊಂದೇ ಕ್ಷೇತ್ರವನ್ನು ಓದುವ ಸ್ಕ್ರಿಪ್ಟು ತೆವಳುತ್ತದೆ. ‘ರೀಡ್_ಮೆಮೊರಿ’ಯಿಂದ ದೊಡ್ಡ ತುಂಡನ್ನು ಒಮ್ಮೆಗೇ ತಂದು ಪೈಥಾನಿನಲ್ಲೇ ಬಿಡಿಸಿಕೊಳ್ಳುವುದು ಲೇಸು.

ಆವೃತ್ತಿಗಳ ಹೊಂದಾಣಿಕೆ ಇನ್ನೊಂದು ನಿತ್ಯದ ತೊಡಕು. ಡಿಬಗರ್‌ನೊಳಗಿನ ಪೈಥಾನ್ ಅದನ್ನು ಕಟ್ಟಿದಾಗ ಜೋಡಿಸಿದ ಪೈಥಾನ್. ಟರ್ಮಿನಲ್ಲಿನಲ್ಲಿ ಸಿಗುವ ಪೈಥಾನ್ ಅದೇ ಆಗಿರಬೇಕಿಲ್ಲ. ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಹಾಕಿಕೊಂಡ ಲೈಬ್ರರಿ ಡಿಬಗರ್‌ನಲ್ಲಿ ‘ಇಲ್ಲ’ ಎನ್ನಿಸಿಕೊಳ್ಳುವುದು ಇದರಿಂದಲೇ. 2019ರ ಎಕ್ಸ್‌ಕೋಡ್ 11ರಲ್ಲಿ ಎಲ್‌ಎಲ್‌ಡಿಬಿ ಪೈಥಾನ್ 3ಕ್ಕೆ ಹೋದಾಗ ಹಳೆಯ ಸ್ಕ್ರಿಪ್ಟುಗಳನ್ನು ತಿದ್ದಬೇಕಾಯಿತು. ಕಾರಣ ತಿಳಿಯದಾದಾಗ ಜಿಡಿಬಿಯಲ್ಲಿ ‘ಸೆಟ್ ಪೈಥಾನ್ ಪ್ರಿಂಟ್-ಸ್ಟ್ಯಾಕ್ ಫುಲ್’ ಎಂದು ಹೇಳಿ ದೋಷದ ಪೂರ್ಣ ಜಾಡನ್ನು ನೋಡಬೇಕು. ಸಹಜ ಸ್ಥಿತಿಯಲ್ಲಿ ಒಂದು ಸಾಲಿನ ಸಂದೇಶ ಮಾತ್ರ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸ್ಕ್ರಿಪ್ಟಿಗೂ ಡಿಬಗರ್‌ಗೂ ನಡುವಿನ ಗೆರೆ ತೆಳುವಾಗಿದೆ. ಫೇಸ್‌ಬುಕ್ ಸಂಸ್ಥೆಯಲ್ಲಿ ಒಮರ್ ಸ್ಯಾಂಡೊವಲ್ ಬರೆದ ‘ಡ್ರಾಗನ್’ ಎಂಬ ಡಿಬಗರ್‌ನಲ್ಲಿ ಬೇರೆ ಆಜ್ಞಾಭಾಷೆ ಮುಖ್ಯವಲ್ಲ. ಪೈಥಾನೇ ಅದರ ಪ್ರಾಂಪ್ಟು, ಓಡುತ್ತಿರುವ ಲಿನಕ್ಸ್ ಕರ್ನಲ್ಲಿನ ರಚನೆಗಳು ಪೈಥಾನ್ ವಸ್ತುಗಳಾಗಿ ಎದುರಿಗೆ ನಿಲ್ಲುತ್ತವೆ. 2023ರ ಜಿಡಿಬಿ 14ರಲ್ಲಿ ವಿಎಸ್ ಕೋಡ್‌ನಂಥ ಸಂಪಾದಕಗಳೊಡನೆ ಮಾತಾಡುವ ‘ಡಿಬಗ್ ಅಡಾಪ್ಟರ್ ಪ್ರೋಟೋಕಾಲ್’ ಭಾಗ ಸೇರಿತು. ಅದನ್ನು ಬರೆದದ್ದು ಜಿಡಿಬಿಯ ಮೂಲ ಭಾಷೆಯಲ್ಲಲ್ಲ, ಅದರೊಳಗಿನ ಪೈಥಾನಿನಲ್ಲಿ. ಪೈಥಾನ್ ಬಿಟ್ಟು ಕಟ್ಟಿದ ಜಿಡಿಬಿಗೆ ಆ ಸೌಲಭ್ಯ ದೊರೆಯುವುದಿಲ್ಲ.